ದೂರದಾರಿಯ ಜಡೆ

ಕೋಲ್ಟರ್ಸ್ ಬೆಂಡ್, ಅಲಬಾಮಾ
ಏಪ್ರಿಲ್ 7, ಭಾನುವಾರ

ಲಟ್ರೀಸ್, ನನ್ನ ಕೂಸೇ,

ಚರ್ಚಿನಿಂದ ಬಂದವಳು ಟೋಪಿಯನ್ನೂ ತೆಗೆಯದೆ ಅಡುಗೆಮನೆಯ ಮೇಜಿಗೆ ಕುಳಿತಿದ್ದೇನೆ. ಒಲೆಯ ಮೇಲೆ ಕಾಲರ್ಡ್ ಸೊಪ್ಪು ಬೇಯುತ್ತಿದೆ. ಅದು ಬೇಯುವಷ್ಟು ಹೊತ್ತು ನಿನ್ನ ಜೊತೆ ಮಾತಾಡೋಣ ಎಂದುಕೊಂಡೆ. ಪೆನ್ಸಕೋಲಾದ ಆ ಚಟ ಬಿಡಿಸುವ ಮನೆಯಲ್ಲಿ ತೊಂಬತ್ತು ದಿನ ಫೋನ್ ಮುಟ್ಟಗೊಡುವುದಿಲ್ಲ ಎಂದಾಗ ನನಗೆ ಮೈಯೆಲ್ಲ ಉರಿದಿತ್ತು. ಈಗ ಅನ್ನಿಸುತ್ತದೆ, ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದವಾದರೆ ನಾನು ಹೇಳಿ ಮುಗಿಸುವತನಕ ಕೇಳಲೇಬೇಕು. ನೀನು ಎಂಬತ್ತು ದಿನದಿಂದ ಒಂದು ಮಾತ್ರೆಯನ್ನೂ ಮುಟ್ಟಿಲ್ಲ ಎಂದು ಅಲ್ಲಿನ ಸಿಸ್ಟರ್ ಬರೆದಿದ್ದಾರೆ. ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಹಾಲು ತೆಗೆಯುವಾಗೆಲ್ಲ ಓದುತ್ತೇನೆ.

ಈಗ ಹೇಳುವುದನ್ನು ಮನಸ್ಸಿನಲ್ಲೇ ಓದಿಕೋ, ಅಲ್ಲಿ ಯಾರ ಮುಂದೆಯೂ ಬಾಯಿ ಬಿಡಬೇಡ. ನಾನು ನಿನ್ನ ಕಮೋರಾಳನ್ನು ನೋಡುತ್ತಿದ್ದೇನೆ. ದಿನಕ್ಕೆ ಎರಡು ಹೊತ್ತು.

ಬೈಯಬೇಡ. ಜಡ್ಜ್ ಹೇಳಿದ್ದು ನನಗೂ ನೆನಪಿದೆ. ಜನವರಿಯಲ್ಲಿ ನಮ್ಮ ಮನೆಯಲ್ಲಿ ಮಗು ಆ ಮಾತ್ರೆ ನುಂಗಿ ಕಣ್ಣು ಮೇಲೆ ಮಾಡಿ ಮಲಗಿತ್ತಲ್ಲ, ಆಮೇಲೆ ಆಸ್ಪತ್ರೆಯಿಂದಲೇ ಅದನ್ನು ಒಯ್ದು ಆ ಬಿಳಿಯರ ಮನೆಯಲ್ಲಿ ಇಟ್ಟರಲ್ಲ, ಅವತ್ತಿನಿಂದ ಒಂದೊಂದು ಮಾತೂ ನೆನಪಿದೆ. ಇದೇ ಹತ್ತೊಂಬತ್ತಕ್ಕೆ ಮತ್ತೆ ವಿಚಾರಣೆ. ಅವತ್ತು ಜಡ್ಜ್ ಹೂಂ ಅಂದರೆ ಮಗು ನಿನ್ನ ಮಡಿಲಿಗೆ, ಉಹೂಂ ಅಂದರೆ ಇನ್ನೊಬ್ಬರ ಪಾಲಿಗೆ. ಅಲ್ಲಿಯವರೆಗೆ ಈ ಮನೆಯವರು ಯಾರೂ ಅದರ ಹತ್ತಿರ ಸುಳಿಯಬಾರದು. ನಾನು ಸುಳಿದದ್ದು ಗೊತ್ತಾದರೆ ಏಟು ಬೀಳುವುದು ನಿನಗೆ. ಎಲ್ಲ ಗೊತ್ತಿದ್ದೇ ಮಾಡಿದೆ.

ಫೆಬ್ರವರಿಯಲ್ಲಿ ಶಾಲೆಯ ಬಸ್ಸಿನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಆಯಾ ಕೆಲಸ ಖಾಲಿ ಇದೆ ಎಂದು ಚರ್ಚಿನಲ್ಲಿ ಯಾರೋ ಅಂದರು. ಅರ್ಜಿಯಲ್ಲಿ ನಿನ್ನ ಮಲತಂದೆಯ ಮನೆತನದ ಹೆಸರು ಬರೆದೆ. ಸುಳ್ಳಲ್ಲ, ಅವರನ್ನು ನಾನು ಮದುವೆಯಾಗಿದ್ದೆ. ಹದಿನಾಲ್ಕನೇ ನಂಬರಿನ ಬಸ್ಸೇ ಬೇಕು ಎಂದು ಕೇಳಿ ಪಡೆದೆ. ಮಗುವನ್ನು ಇಟ್ಟಿರುವ ಆ ಪ್ರೂಯಿಟ್ ಅವರ ಮನೆ ಊರಾಚೆ, ದಾರಿಯ ಕೊನೆಯಲ್ಲಿದೆ. ಬೆಳಿಗ್ಗೆ ಮೊದಲು ಹತ್ತುವವಳು ಕಮೋರಾ, ಸಂಜೆ ಕೊನೆಗೆ ಇಳಿಯುವವಳೂ ಕಮೋರಾ. ಒಂದೊಂದು ಸಲಕ್ಕೂ ಮೂವತ್ತೈದು ನಿಮಿಷ ಬಸ್ಸಿನಲ್ಲಿ ನಾನು, ಮಗು, ಮುಂದೆ ಡ್ರೈವರ್ ಲೆಮ್, ಅಷ್ಟೇ ಜನ.

ಮೊದಲನೇ ದಿನ ಅವಳು ಮೆಟ್ಟಿಲು ಹತ್ತಿ ಬಂದಾಗ ನಾನು ಮುಖ ನೋಡಲಿಲ್ಲ, ತಲೆ ನೋಡಿದೆ. ಲಟ್ರೀಸ್, ನೀನು ನೋಡಿದ್ದರೆ ಅಲ್ಲೇ ಕೂತು ಅಳುತ್ತಿದ್ದೆ. ಕಾಗದದ ಕಟ್ಟಿಗೆ ಹಾಕುತ್ತಾರಲ್ಲ, ಆ ರಬ್ಬರು ಹಾಕಿ ಎಲ್ಲವನ್ನೂ ಒಟ್ಟಿಗೆ ಎಳೆದು ಕಟ್ಟಿದ್ದರು. ಹಣೆಯ ಅಂಚಿನ ಎಳೆಗೂದಲು ತುಂಡುತುಂಡಾಗಿ ಉದುರಿತ್ತು. ಕತ್ತಿನ ಹತ್ತಿರ ಸಿಕ್ಕು ಗಂಟುಗಟ್ಟಿ ಕಂಬಳಿಯ ಹಾಗೆ ಆಗಿತ್ತು. ಆ ಪ್ರೂಯಿಟ್ ಹೆಂಗಸು ತನ್ನ ತಲೆ ತೊಳೆದುಕೊಂಡ ಹಾಗೆ ಇವಳ ತಲೆಯನ್ನೂ ದಿನಾ ಶಾಂಪೂ ಹಾಕಿ ಉಜ್ಜುತ್ತಾಳಂತೆ. ಒಂದು ಹನಿ ಎಣ್ಣೆ ಇಲ್ಲ. ಮಲಗುವುದು ಹತ್ತಿಯ ದಿಂಬಿನ ಮೇಲೆ, ಬರಿಯ ತಲೆಯಲ್ಲಿ. ಮಗು ನನ್ನನ್ನು ನೋಡಿ ಬಾಯಿ ತೆರೆಯಿತು. ನಾನು ತುಟಿಯ ಮೇಲೆ ಬೆರಳಿಟ್ಟೆ. ನಿನ್ನ ಮಗಳು ಜಾಣೆ. ಬಾಯಿ ಮುಚ್ಚಿ, ಬಂದು ನನ್ನ ಪಕ್ಕ ಕೂತು, ಕಿಟಕಿಯ ಕಡೆ ನೋಡುತ್ತಾ ನನ್ನ ಏಪ್ರನ್ನಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಶಾಲೆ ಬರುವತನಕ ಬಿಡಲಿಲ್ಲ.

ಮಾರನೇ ದಿನದಿಂದ ನೀರಿನ ಪಿಚಕಾರಿ, ಎಣ್ಣೆ, ಅಗಲ ಹಲ್ಲಿನ ಬಾಚಣಿಗೆ ಎಲ್ಲ ಚೀಲದಲ್ಲಿ ಬಂದವು. ಆ ಸಿಕ್ಕು ಬಿಡಿಸುವುದಕ್ಕೇ ಎರಡು ವಾರ ಹಿಡಿಯಿತು. ತುದಿಯಿಂದ ಶುರುಮಾಡಿ ಬೆರಳಲ್ಲೇ ಬುಡದವರೆಗೆ ಬಿಡಿಸಿದೆ. ಒಂದು ಕೂದಲೂ ಕತ್ತರಿಸಲಿಲ್ಲ. ಬಾಚಣಿಗೆಗೆ ಬಂದದ್ದನ್ನು ಜೇಬಿಗೆ ಹಾಕಿಕೊಂಡು ಬಂದು ಮನೆಯಲ್ಲಿ ಸುಡುತ್ತೇನೆ, ನಮ್ಮಮ್ಮ ಮಾಡುತ್ತಿದ್ದ ಹಾಗೆ. ನಮ್ಮ ಕೂದಲು ಹಕ್ಕಿಯ ಗೂಡಿಗೂ ಹೋಗಬಾರದು, ಪರರ ಕೈಗೂ ಸಿಗಬಾರದು. ನೀನು ನಗುತ್ತೀಯ, ಗೊತ್ತು. ಮಗುವೇ ಪರರ ಕೈಗೆ ಸಿಕ್ಕ ಮೇಲೆ ನನಗೆ ನಗು ಬರುವುದಿಲ್ಲ.

ಅವಳಿಗೆ ಒಂದು ಪಾಠ ಹೇಳಿಕೊಟ್ಟಿದ್ದೇನೆ. ದಿನಾ ಬೆಳಿಗ್ಗೆ ಒಪ್ಪಿಸಬೇಕು.

"ತಲೆ ಬಾಚಿದ್ ಯಾರು ಅಂತ ಯಾರಾದ್ರೂ ಕೇಳಿದ್ರೆ?"

"ಮಿಸ್ ವರ್ಡೆಲ್."

"ಮಿಸ್ ವರ್ಡೆಲ್ ಯಾರು?"

"ಬಸ್ಸಿನ ಆಯಾ."

"ಮತ್ತೆ ಅಜ್ಜಿ ಎಲ್ಲಿ?"

"ಅಜ್ಜಿ ಇಲ್ಲ," ಅನ್ನುತ್ತಾಳೆ. ಅಂದು, ಹಿಂದಕ್ಕೆ ಒರಗಿ ತಲೆಯನ್ನು ನನ್ನ ಹೊಟ್ಟೆಗೆ ಒತ್ತುತ್ತಾಳೆ.

ನಮ್ಮಲ್ಲಿ ಒಂದು ಒಳ್ಳೆಯ ತಲೆ ಕಂಡರೆ ಅಂಗಡಿಯಲ್ಲೂ ರಸ್ತೆಯಲ್ಲೂ ನಿಲ್ಲಿಸಿ ಕೇಳುತ್ತಾರಲ್ಲ, ಯಾರು ಹಾಕಿದ್ದು ಎಂದು. ನೀನಂತೂ ಕೇಳುವುದಕ್ಕೆ ಮೊದಲೇ "ನಮ್ಮಮ್ಮ!" ಎಂದು ಇಡೀ ಅಂಗಡಿಗೆ ಕೇಳುವ ಹಾಗೆ ಕಿರುಚುತ್ತಿದ್ದೆ. ಆ ಒಂದು ಉತ್ತರವನ್ನು ಈ ಮಗುವಿನ ಬಾಯಿಂದ ನಾನು ಕಿತ್ತುಕೊಂಡಿದ್ದೇನೆ. ನನಗೆ ತುಂಬ ಬೇಜಾರಿದೆ.

ನನಗೆ ಭಯ ಹುಟ್ಟಿಸಿರುವುದು ಆ ಮಿಸೆಸ್ ಪ್ರೂಯಿಟ್ ಸುಮ್ಮನಿರುವುದು. ಮಗು ಹೋಗುವಾಗ ಒಂದು ತಲೆ, ಬರುವಾಗ ಇನ್ನೊಂದು ತಲೆ. ಬೇರೆಯವರ ಕೈ ಆಡಿದ್ದು ಕಾಣದಷ್ಟು ಕುರುಡಿಯೇ ಅವಳು? ನುಣುಪು ಬಟ್ಟೆಯ ಟೋಪಿಯೊಂದನ್ನು ಮಗುವಿನ ಚೀಲಕ್ಕೆ ಹಾಕಿ ಕಳಿಸಿದೆ. ಅದನ್ನು ರಾತ್ರಿ ಹಾಕಿಸಿಯೇ ಮಲಗಿಸುತ್ತಾಳಂತೆ. ಒಂದು ಮಾತು ಕೇಳಿ ಕಳಿಸಲಿಲ್ಲ. ಜಗುಲಿಯ ಮೇಲೆ ನಿಂತು ಬಸ್ಸನ್ನೇ ನೋಡುತ್ತಿರುತ್ತಾಳೆ. ಎಲ್ಲವನ್ನೂ ಎಲ್ಲೋ ಬರೆದಿಡುತ್ತಿದ್ದಾಳೆ ಎಂದು ನನ್ನ ಮನಸ್ಸು ಹೇಳುತ್ತಿದೆ.

ಮೊನ್ನೆ ಶುಕ್ರವಾರ ಮಗು ಅಂದಳು: "ಅಜ್ಜೀ, ಬರೋ ಶನಿವಾರ ಅವ್ರ ತಂಗಿ ಮದ್ವೆ. ನಾನು ಹೂವಿನ ಬುಟ್ಟಿ ಹಿಡೀಬೇಕಂತೆ. ಬೆಳಿಗ್ಗೆ ಪಾರ್ಲರಿಗೆ ಕರ್ಕೊಂಡೋಗಿ ಕೂದ್ಲು ನೆಟ್ಟಗೆ ಮಾಡಸ್ತಾರಂತೆ. ಉರಿಯುತ್ತಾ?"

ನನ್ನ ಕಿವಿಯ ಹಿಂದೆ ಕೂದಲೇ ಬೆಳೆಯದ ಒಂದು ಜಾಗ ಇದೆಯಲ್ಲ, ನೀನು ಚಿಕ್ಕವಳಿದ್ದಾಗ ಬೆರಳಿಟ್ಟು ಆಡುತ್ತಿದ್ದೆಯಲ್ಲ, ಅದು ಕೂದಲು ನೆಟ್ಟಗೆ ಮಾಡುವ ಆ ಔಷಧಿ ಸುಟ್ಟದ್ದೇ. ಆಗ ನನಗೆ ಎಂಟು ವರ್ಷ. ಇವಳಿಗೆ ಆರು.

ಅದಕ್ಕೇ ನಾಳೆಯಿಂದ ಸಣ್ಣ ಜಡೆ ಶುರುಮಾಡುತ್ತೇನೆ. ಪ್ರತಿ ಬೇಸಿಗೆ ಉತ್ತರಕ್ಕೆ, ಟೊಲೀಡೊಗೆ ಅರ್ನೆಸ್ಟೀನ್ ದೊಡ್ಡಮ್ಮನ ಮನೆಗೆ ಹೊರಡುವ ಮುಂಚೆ ನಿನಗೆ ಹಾಕುತ್ತಿದ್ದೆನಲ್ಲ, ಆ ನಲವತ್ತೆರಡು ಜಡೆ. ದಾರಿಯಲ್ಲಿ ಬಾಚಣಿಗೆಯ ಗೊಡವೆ ಇಲ್ಲ, ಮೂರು ವಾರ ಬಿಚ್ಚುವ ಹಾಗಿಲ್ಲ. ನೀನು ಅದಕ್ಕೆ ಬೇರೆ ಅರ್ಥ ಹುಡುಕಬೇಡ. ಜಡೆ ಹಾಕಿದ ತಲೆಗೆ ಆ ಔಷಧಿ ಹಚ್ಚಲು ಬರುವುದಿಲ್ಲ, ಅದಕ್ಕೆ ಹಾಕುತ್ತಿದ್ದೇನೆ. ಮಣಿಗಾಗಿ ನಿನ್ನೆ ಆ ನೀಲಿ ಬಿಸ್ಕತ್ತಿನ ಡಬ್ಬ ತೆಗೆದೆ. ಜನವರಿಯಿಂದ ಅದನ್ನು ಮುಟ್ಟಿರಲಿಲ್ಲ. ಅದರ ಮಾತು ಈಗ ಬೇಡ.

ಸೊಪ್ಪು ತಳ ಹಿಡಿಯುವ ವಾಸನೆ ಬರುತ್ತಿದೆ.

ಏಪ್ರಿಲ್ 9, ಮಂಗಳವಾರ

ಇಪ್ಪತ್ತು ಜಡೆ ಆಯಿತು, ತುದಿಗೆ ಬಿಳಿ ಮಣಿ ಸಮೇತ. ಕತ್ತಿನಿಂದ ಮೇಲಕ್ಕೆ, ಕಿವಿಯವರೆಗೆ. ಬಸ್ಸು ಹಳ್ಳಕ್ಕೆ ಬಿದ್ದಾಗ ಕೈ ಎತ್ತಿಬಿಡುತ್ತೇನೆ. ಆದರೂ ಬೈತಲೆ ಒಂದೂ ಸೊಟ್ಟಗಿಲ್ಲ. ಅರವತ್ತಮೂರರ ಕೈ ಇದು, ನೋಡಿಕೋ. ಮಗು ನನ್ನ ಎರಡು ಮೊಣಕಾಲುಗಳ ನಡುವೆ ನೆಲದ ಮೇಲೆ ಕೂತು, ನಾನು ಹೇಳದೆಯೇ ಕಿವಿ ಮಡಚಿ ಹಿಡಿದುಕೊಳ್ಳುತ್ತಾಳೆ. ಎಳೆದರೆ "ಸ್ಸ್" ಅನ್ನುತ್ತಾಳೆ. ನೀನಾದರೆ ಅಕ್ಕಪಕ್ಕದ ಮನೆಯವರು ಓಡಿ ಬರುವ ಹಾಗೆ ಕೂಗುತ್ತಿದ್ದೆ.

ಇವತ್ತು ಸಂಜೆ ಅವಳನ್ನು ಇಳಿಸಿದ ಮೇಲೆ ಲೆಮ್ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿದ. ಆರು ವಾರದಲ್ಲಿ ಮಳೆ ಬಿಸಿಲು ಬಿಟ್ಟು ಬೇರೆ ಮಾತಾಡದ ಮನುಷ್ಯ. ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಅಂದ: "ಮಿಸ್ ವರ್ಡೆಲ್, ಆ ಮಗು ಮೂಗೂ ನಿಮ್ ಮೂಗೂ ಒಂದೇ ಅಚ್ಚಲ್ಲಿ ಹೊಯ್ದಂಗಿದೆ. ನಾನೇನೂ ಕೇಳ್ತಿಲ್ಲ ಬಿಡಿ."

"ಕೇಳ್ದೆ ಇದ್ರೆ ಬಸ್ ಯಾಕ್ ನಿಲ್ಸಿದ್ದು?" ಅಂದೆ.

"ಮೇಲೆ ನೋಡಿ. ಆ ಕರೀ ಗುಂಡು ಕಾಣುತ್ತಾ? ಕ್ಯಾಮೆರಾ. ಯಾರಾದ್ರೂ ದೂರು ಕೊಟ್ರೆ ಮಾತ್ರ ಆಫೀಸಿನೋರು ತೆಗ್ದು ನೋಡ್ತಾರೆ. ಇಲ್ಲೀತನ್ಕ ಯಾರೂ ಕೊಟ್ಟಿಲ್ಲ. ಕೊಟ್ಟ ದಿನ ಆರು ವಾರದ್ದೂ ಒಟ್ಟಿಗೆ ನೋಡ್ತಾರೆ. ನಿಲ್ಸೋದಿದ್ರೆ ಈಗ್ಲೇ ನಿಲ್ಸ್‌ಬಿಡಿ ತಾಯಿ."

ನಾನು ಆ ಕರಿಯ ಗುಂಡನ್ನು ನೋಡಿದೆ. ಅದು ಅಲ್ಲಿ ಮೊದಲಿನಿಂದಲೂ ಇತ್ತು, ನಾನು ಮಗುವಿನ ತಲೆಯಿಂದ ಕಣ್ಣೆತ್ತಿದ್ದರೆ ತಾನೇ ಕಾಣುವುದು. ಅರ್ಧ ಹಾಕಿದ ತಲೆಯನ್ನು ಹೇಗೆ ಬಿಡಲಿ, ಹೇಳು. ಅರ್ಧ ತಲೆಯಲ್ಲಿ ಬಿಟ್ಟರೆ ಆ ಪ್ರೂಯಿಟ್ ಅದನ್ನೂ ಬಿಚ್ಚಿ ಶನಿವಾರ ಪಾರ್ಲರಿಗೆ ಒಯ್ಯುತ್ತಾಳೆ.

ನಿನ್ನ ಹಳೆಯ ಕೆಂಪು ಸ್ವೆಟರ್ ಸಿಕ್ಕಿತು, ಆರು ವರ್ಷದಲ್ಲಿ ನೀನು ಹಾಕುತ್ತಿದ್ದದ್ದು. ಒಗೆದು ಒಣಗಿಸಿದೆ. ಟೊಲೀಡೊದಲ್ಲಿ ಏಪ್ರಿಲ್ಲಿನಲ್ಲೂ ಚಳಿಯಂತೆ, ಅರ್ನೆಸ್ಟೀನ್ ಫೋನಿನಲ್ಲಿ ಅಂದಳು. ಸುಮ್ಮನೆ ಮಾತಿಗೆ ಮಾತು ಬಂತು.

ಏಪ್ರಿಲ್ 11, ಗುರುವಾರ

ಮೂವತ್ತಾರು. ಮುಂದಿನ ಆರು ಮಾತ್ರ ಉಳಿದಿದೆ.

ಲಟ್ರೀಸ್, ಬಂತು. ನಾನು ಹೆದರುತ್ತಿದ್ದದ್ದು ಬಂತು. ಬೆಳಿಗ್ಗೆ ಆ ಹೆಂಗಸು ಜಗುಲಿಯ ಮೇಲೆ ನಿಲ್ಲಲಿಲ್ಲ. ಮಗುವಿನ ಕೈ ಹಿಡಿದು ಬಸ್ಸಿನ ಬಾಗಿಲವರೆಗೂ ಬಂದಳು. ಹತ್ತಿರದಿಂದ ನೋಡಿದೆ, ಇನ್ನೂ ಮೂವತ್ತೈದು ತುಂಬಿರಲಿಕ್ಕಿಲ್ಲ, ಮುಖದ ತುಂಬ ಮಚ್ಚೆ. "ಮಿಸ್ ವರ್ಡೆಲ್ ಅಂದ್ರೆ ನೀವೇ ಅಲ್ವಾ? ಒಂದ್ನಿಮಿಷ..." ಅಂದಳು. "ಲೇಟಾಗ್ತಿದೆ ಮೇಡಮ್," ಎಂದು ಮಗುವನ್ನು ಒಳಗೆಳೆದು ಬಾಗಿಲು ಮುಚ್ಚಿಸಿದೆ. ಲೆಮ್ ನನ್ನನ್ನೇ ನೋಡಿದ. ನಾನು ಅವನನ್ನು ನೋಡಲಿಲ್ಲ.

ಮಗುವಿನ ಚೀಲದಲ್ಲಿ ಒಂದು ಲಕೋಟೆ. ಮೇಲೆ ನನ್ನ ಹೆಸರು. ನಾನು ತೆರೆಯಲಿಲ್ಲ. ಜನವರಿಯಿಂದ ಮಗುವನ್ನು ಕಿತ್ತುಕೊಂಡವರ ಕಡೆಯಿಂದ ನನಗೆ ಎರಡು ಲಕೋಟೆ ಬಂದಿವೆ. ಮೊದಲನೆಯದು ಮಗು ಇನ್ನು ನಿಮ್ಮದಲ್ಲ ಅಂದಿತು, ಎರಡನೆಯದು ನಿಮ್ಮ ಮನೆ ಮಗುವಿಗೆ ಯೋಗ್ಯವಲ್ಲ ಅಂದಿತು. ಎರಡೂ "ದಯವಿಟ್ಟು" ಎಂದೇ ಶುರುವಾಗಿದ್ದವು. ಇದರಲ್ಲಿ ಏನಿದೆ ಎಂದು ಓದಿ ತಿಳಿಯಬೇಕೇ? ದೂರು ಕೊಟ್ಟಿದ್ದೇನೆ, ಇನ್ನು ನನ್ನ ಮಗುವನ್ನು ಮುಟ್ಟಬೇಡಿ ಎಂದಿರುತ್ತದೆ. ಡಬ್ಬದಲ್ಲಿ ಮಣಿಗಳ ಕೆಳಗೆ ತುರುಕಿದ್ದೇನೆ.

ಕ್ಯಾಮೆರಾ ನೋಡಿದ ದಿನ ನನ್ನನ್ನು ಕರೆದು ಪ್ರಮಾಣ ಮಾಡಿಸುತ್ತಾರೆ. ಬಸ್ಸಿನ ವಿಷಯ ಮಾತ್ರ ಕೇಳಿ ಬಿಡುತ್ತಾರೆಯೇ? ಜನವರಿಯ ವಿಷಯವನ್ನೂ ಕೇಳುತ್ತಾರೆ. ಬೈಬಲ್ಲಿನ ಮೇಲೆ ಕೈಯಿಟ್ಟು ಸುಳ್ಳು ಹೇಳಲು ನನಗೆ ಬರುವುದಿಲ್ಲ. ಇಷ್ಟು ದಿನ ಯಾರೂ ಕೇಳಲಿಲ್ಲ, ಅದಕ್ಕೆ ಬಾಯಿ ಮುಚ್ಚಿಕೊಂಡಿದ್ದೆ.

ನೀನು ಗಾಬರಿಯಾಗಬೇಡ. ನಾನು ಹುಚ್ಚು ಕೆಲಸ ಏನೂ ಮಾಡುವುದಿಲ್ಲ. ಕಾರಿನ ಎಣ್ಣೆ ಬದಲಾಯಿಸಿದೆ, ಟೈರಿಗೆ ಗಾಳಿ ಹಾಕಿಸಿದೆ. ಬೇಸಿಗೆ ಬಂತಲ್ಲ, ಹೇಗೂ ಮಾಡಿಸಬೇಕಿತ್ತು. ನಾಳೆಗೆ ಎಂದು ಕೋಳಿಯನ್ನು ಮಜ್ಜಿಗೆಯಲ್ಲಿ ನೆನೆಸಿಟ್ಟಿದ್ದೇನೆ. ನಮ್ಮಮ್ಮ ಮಾಡುತ್ತಿದ್ದ ಹಾಗೆ ಹುರಿದು ಶೂ ಡಬ್ಬದಲ್ಲಿ ಬೆಣ್ಣೆಕಾಗದ ಹಾಸಿ ಇಡಬೇಕು ಅನ್ನಿಸಿತು. ಒಬ್ಬಳಿಗೆ ಎರಡು ಕೋಳಿ ಯಾಕೆ ಎಂದು ಕೇಳಬೇಡ.

ನಿನ್ನ ಆರೋಗ್ಯ ನೋಡಿಕೋ. ಸಿಸ್ಟರ್ ಹೇಳಿದ ಹಾಗೆ ಕೇಳು. ಹತ್ತೊಂಬತ್ತಕ್ಕೆ ಆ ನೀಲಿ ಉಡುಪನ್ನೇ ಹಾಕಿಕೊಂಡು ಹೋಗು, ಅದರಲ್ಲಿ ನೀನು ತಾಯಿಯ ಹಾಗೆ ಕಾಣುತ್ತೀಯ. ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ.

ನಿನ್ನನ್ನು ಎಲ್ಲರಿಗಿಂತ ಹೆಚ್ಚು ಬೈದು ಎಲ್ಲರಿಗಿಂತ ಹೆಚ್ಚು ಪ್ರೀತಿಸುವ,
ನಿನ್ನ ಅಮ್ಮ
ವರ್ಡೆಲ್

ತಾ.ಕ. ಶುಕ್ರವಾರ, ಸಂಜೆ ಏಳೂಕಾಲು. ಕಾಗದ ಡಬ್ಬಿಗೆ ಬೀಳಲಿಲ್ಲ, ನನ್ನ ಚೀಲದಲ್ಲೇ ಬಂತು. ಟೊಲೀಡೊ ದಾರಿಯಲ್ಲಿ ಟೆನೆಸ್ಸಿಯ ಗಡಿ ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕು, ಅದರ ಪಕ್ಕದ ತಿಂಡಿಯ ಅಂಗಡಿಯಲ್ಲಿ ಕುಳಿತಿದ್ದೇನೆ. ಕಮೋರಾ ನನ್ನ ಪಕ್ಕದಲ್ಲೇ ಇದ್ದಾಳೆ, ಕೆಂಪು ಸ್ವೆಟರಿನಲ್ಲಿ, ಕೋಳಿಯ ಕಾಲು ಚೀಪುತ್ತಾ.

ಹೇಗೆ ಎಂದು ಕೇಳಬೇಡ, ತುಂಬ ಸುಲಭವಿತ್ತು. ಶಾಲೆ ಬಿಟ್ಟಾಗ ಲೆಮ್‌ಗೆ, ನನಗೆ ಮಂಡಿನೋವು, ಬಸ್ಸು ಹತ್ತಲಾರೆ ಎಂದೆ, ಕಮೋರಾಳನ್ನು ಇವತ್ತು ಮನೆಯವರೇ ಕರೆದುಕೊಂಡು ಹೋಗುತ್ತಾರೆ ಎಂದೆ. ಸುಳ್ಳಲ್ಲ, ನಾನೂ ಮನೆಯವಳೇ. ಅವನು "ಹುಷಾರು ತಾಯಿ," ಅಂದ. ಬರ್ಮಿಂಗ್‌ಹ್ಯಾಮ್ ದಾಟಿ ಒಂದು ಮರದ ಕೆಳಗೆ ಕಾರು ನಿಲ್ಲಿಸಿ ಉಳಿದ ಆರು ಜಡೆ ಮುಗಿಸಿದೆ. ನಲವತ್ತೆರಡೂ ಆದವು. ತುದಿಗೆಲ್ಲ ಬಿಳಿ ಮಣಿ. ತಲೆ ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಅವಳು ಹತ್ತು ಮೈಲಿ ಅಲ್ಲಾಡಿಸಿಕೊಂಡೇ ಬಂದಳು.

ಇಲ್ಲಿ ಕೂತು ಕೊನೆಯ ಮಣಿಯೊಂದನ್ನು ಸರಿಮಾಡಲು ಡಬ್ಬ ತೆಗೆದೆ. ಲಕೋಟೆ ಕಂಡಿತು. "ಅಜ್ಜೀ, ಇನ್ನೂ ಓದ್ಲಿಲ್ವಾ?" ಅಂದಳು ಕಮೋರಾ. "ಅವ್ರು ಮೂರ್ ಸಲ ಹರ್ದಾಕಿ ಬರದ್ರು. ಮೇಲೊಂದು ಹೂ ನಾನೇ ಬರ್ದೆ." ಇನ್ನೇನು ಬರುವುದಿದೆ ಎಂದು ತೆರೆದೆ. ಇಲ್ಲೇ ನಕಲು ಮಾಡುತ್ತೇನೆ, ನೀನೇ ಓದು:

"ಮಿಸ್ ವರ್ಡೆಲ್ ಅವರಿಗೆ. ಆರು ವಾರದಿಂದ ದಿನಾ ಸಂಜೆ ಕಮೋರಾಳ ತಲೆ ನೋಡಲೆಂದೇ ಜಗುಲಿಯಲ್ಲಿ ಕಾಯುತ್ತೇನೆ. ನನಗೆ ಏನೂ ಗೊತ್ತಿರಲಿಲ್ಲ, ಅವಳ ಕೂದಲನ್ನು ಹಾಳುಮಾಡುತ್ತಿದ್ದೆ. ಪಾರ್ಲರಿಗೆ ಬರುವುದಿಲ್ಲ ಎಂದು ಹೇಳಿದ್ದೇನೆ. ಈ ಜಡೆಯಲ್ಲೇ ಅವಳು ಮದುವೆಯಲ್ಲಿ ಹೂ ಹಿಡಿಯುತ್ತಾಳೆ. ಅವಳು ಹಗಲಿನಲ್ಲಿ ನಿಮ್ಮನ್ನು ಮಿಸ್ ವರ್ಡೆಲ್ ಅನ್ನುತ್ತಾಳೆ, ನಿದ್ದೆಯಲ್ಲಿ ಅಜ್ಜಿ ಅನ್ನುತ್ತಾಳೆ. ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಹತ್ತೊಂಬತ್ತಕ್ಕೆ ಜಡ್ಜ್ ನನ್ನನ್ನೂ ಕೇಳುತ್ತಾರೆ. ಮಗು ತಾಯಿಯ ಹತ್ತಿರ ಹೋಗಬೇಕು ಎಂದು ಹೇಳುವವಳಿದ್ದೇನೆ. ಅಲ್ಲಿಯವರೆಗೆ ಒಂದು ದಿನ ಮನೆಗೆ ಬಂದು ನನಗೆ ತಲೆ ಬಾಚುವುದನ್ನು ಕಲಿಸುತ್ತೀರಾ? ಜೋಡಿ ಪ್ರೂಯಿಟ್."

ಇದು ಒಂದೂವರೆ ದಿನ ನನ್ನ ಡಬ್ಬದಲ್ಲಿ ಬಿದ್ದಿತ್ತು, ಲಟ್ರೀಸ್. ವಾಪಸ್ ಹೋಗೋಣ, ದಾರಿಯಲ್ಲಿ ಅವಳಿಗೆ ಫೋನ್ ಮಾಡೋಣ ಎಂದು ಎದ್ದೆ. ಎದ್ದು ನಿಂತಿದ್ದೇನೆ, ಅಷ್ಟರಲ್ಲಿ ಅಂಗಡಿಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಲಾರಿಯವನದು, ಮೂಲೆಯಲ್ಲಿದ್ದ ಗಂಡಹೆಂಡಿರದು, ನನ್ನ ಚೀಲದಲ್ಲಿದ್ದದ್ದೂ. ಮಗು ಕಾಣೆಯಾದಾಗ ಕಳಿಸುತ್ತಾರಲ್ಲ, ಆ ಸಂದೇಶ. ಕಮೋರಾ, ಆರು ವರ್ಷ, ಸಣ್ಣ ಜಡೆಗಳು, ಬಿಳಿ ಮಣಿ. ಕೆಳಗೆ ನನ್ನ ಕಾರಿನ ನಂಬರು. ಪಾಪ, ಮಗು ಮನೆಗೆ ಬರದಿದ್ದರೆ ಆ ಪ್ರೂಯಿಟ್ ಇನ್ನೇನು ಮಾಡಿಯಾಳು? ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಗಲ್ಲಾದಲ್ಲಿದ್ದವಳು ನಮ್ಮ ಬಣ್ಣದವಳೇ, ನನ್ನ ವಯಸ್ಸಿನವಳು. ಫೋನು ನೋಡಿದಳು. ಆಮೇಲೆ ಮಗುವಿನ ತಲೆ ನೋಡಿದಳು. ಮೆಲ್ಲಗೆ ನಮ್ಮ ಮೇಜಿನ ಹತ್ತಿರ ಬಂದು, ಮಂಡಿಯೂರಿ, ಒಂದು ಜಡೆಯನ್ನು ಬೆರಳಲ್ಲಿ ಎತ್ತಿ ಕೇಳಿದಳು: "ಎಷ್ಟ್ ಚಂದ ಹಾಕಿದಾರೆ ಚಿನ್ನಾ! ಯಾರಮ್ಮಾ ಹಾಕಿದ್ದು?"

ಕಮೋರಾ ನನ್ನ ಮುಖ ನೋಡಿದಳು. ಪಾಠ ಒಪ್ಪಿಸಲು ಕಾಯುತ್ತಿದ್ದಳು. ತುಟಿಯ ಮೇಲೆ ಬೆರಳಿಡುವುದಕ್ಕೆ ನನಗೆ ಬೇಕಾದಷ್ಟು ಹೊತ್ತಿತ್ತು. ಇಡಲಿಲ್ಲ. ಹೇಳು ಎಂದು ತಲೆಯಾಡಿಸಿದೆ.

"ನಮ್ಮಜ್ಜಿ!" ಅಂದಳು. ನಿನ್ನ ಗಂಟಲೇ, ಲಟ್ರೀಸ್. ಇಡೀ ಅಂಗಡಿ ತಿರುಗಿ ನೋಡಿತು.

ಆ ಹೆಂಗಸು ಕಣ್ಣೊರೆಸಿಕೊಂಡು, "ನಾನು ಫೋನ್ ಮಾಡ್ಲೇಬೇಕಲ್ಲಕ್ಕಾ," ಅಂದಳು. "ಮಾಡು ತಂಗಿ, ಒಂದು ಕಾಗದ ಮುಗಿಸೋದಿದೆ, ಅಷ್ಟೇ," ಅಂದೆ. ಅಂಚೆಚೀಟಿ ಅವಳೇ ಕೊಟ್ಟಿದ್ದಾಳೆ, ಡಬ್ಬಿಗೂ ಅವಳೇ ಹಾಕುತ್ತಾಳೆ. ಈಗ ಹೊರಗೆ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದಾಳೆ. ಅದಕ್ಕೇ ಬೇಗಬೇಗ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದು.

ಜನವರಿಯ ಮಾತ್ರೆ ನಿನ್ನದಲ್ಲ. ನನ್ನದು. ಮಂಡಿಯ ಆಪರೇಷನ್ ಆದಾಗ ಡಾಕ್ಟರು ನೋವಿಗೆಂದು ಕೊಟ್ಟದ್ದು. ನಿನ್ನ ಕೈಗೆ ಸಿಗಬಾರದು ಎಂದು ಆ ನೀಲಿ ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ಡಾಕ್ಟರ ಸೀಸೆಯ ಮುಚ್ಚಳ ನನ್ನ ಬೆರಳಿಗೆ ಬಗ್ಗುತ್ತಿರಲಿಲ್ಲ, ಹಾಗಾಗಿ ಮಣಿಯ ಖಾಲಿ ಸೀಸೆಗೆ ಸುರಿದಿದ್ದೆ. ಮಗು ಜಡೆಗೆ ಬಿಳಿ ಮಣಿ ಹುಡುಕಿತು, ಆ ಸೀಸೆ ಸಿಕ್ಕಿತು, ಮಿಠಾಯಿ ಎಂದು ಬಾಯಿಗೆ ಹಾಕಿಕೊಂಡಿತು. ಆಸ್ಪತ್ರೆಯಲ್ಲಿ ಅವರು ಕೇಳಿದಾಗ ನೀನು ತಲೆ ತಗ್ಗಿಸಿ "ನನ್ದೇ ಬಿದ್ದಿರ್ಬೇಕು" ಅಂದೆ. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ಹೇಳಿದರೆ ಮಗುವನ್ನು ಇನ್ನೆಂದೂ ನನ್ನ ಮನೆಗೆ ಬಿಡುವುದಿಲ್ಲ ಎಂದು ಹೆದರಿ ಸುಮ್ಮನಿದ್ದೆ. ನಿನ್ನ ಮೇಲೆ ಹೊರಿಸಿ ಸುಮ್ಮನಿದ್ದೆ, ತಾಯಿಯಾಗಿ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಈ ಕಾಗದವನ್ನು ಹತ್ತೊಂಬತ್ತಕ್ಕೆ ಜಡ್ಜ್ ಕೈಗೆ ಕೊಡು. ಮೊದಲಿನಿಂದ ಕೊನೆಯವರೆಗೆ ಓದಲಿ. ಬಸ್ಸಿನದ್ದೂ ಇವತ್ತಿನದ್ದೂ ನಿನಗೆ ಗೊತ್ತಿರಲಿಲ್ಲ ಎಂದು ನನ್ನ ಕೈಯಕ್ಷರವೇ ಹೇಳುತ್ತದೆ. ಪ್ರೂಯಿಟ್ ಚೀಟಿಯನ್ನೂ ಇದರ ಜೊತೆ ಇಟ್ಟಿದ್ದೇನೆ.

ಕಮೋರಾ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಾಳೆ, ಮಣಿಗಳು ನನ್ನ ಮಂಡಿಗೆ ಒತ್ತುತ್ತಿವೆ. ಹೊರಗೆ ದೀಪದ ಪೊಲೀಸ್ ಕಾರು ಅಂಗಡಿಯ ಕಡೆ ತಿರುಗುತ್ತಿದೆ. ಈ ಜಡೆ ಮೂರು ವಾರ ಇರುತ್ತದೆ, ಹತ್ತೊಂಬತ್ತಕ್ಕೆ ಏನೂ ಆಗುವುದಿಲ್ಲ. ರಾತ್ರಿ ಟೋಪಿ ಮರೆಯದ ಹಾಗೆ ನೋಡಿಕೊಳ್ಳಲು ಆ ಜೋಡಿ ಪ್ರೂಯಿಟ್‌ಗೆ ಹೇಳು. ಬಿಚ್ಚುವುದು ಮಾತ್ರ ನೀನೇ ಬಿಚ್ಚು, ನಿನ್ನ ಮೊಣಕಾಲುಗಳ ನಡುವೆ ಕೂರಿಸಿಕೊಂಡು. ತುದಿಯಿಂದ ಶುರುಮಾಡು, ಬುಡದಿಂದ ಎಳೆಯಬೇಡ, ಅವಳಿಗೆ ನೋವಾಗುತ್ತದೆ.